ಚಿನ್ನದ ಗಣಿ ಕಲಿಸಿದ ಜನಾರೋಗ್ಯದ ಪಾಠ



ವಿಜ್ಞಾನ ಓದಿದವರಿಗೆ ಎರಡೇ ದಾರಿ, ಒಂದು ಡಾಕ್ಟರ್, ಇನ್ನೊಂದು ಇಂಜಿನಿಯರ್ ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮೂರನೆಯ ದಾರಿಯೊಂದಿದೆ. ಒಬ್ಬ ರೋಗಿಯನ್ನಲ್ಲ, ಇಡೀ ಜನಸಮೂಹವನ್ನೇ ಪರೀಕ್ಷಿಸುವ ವಿದ್ಯೆ ಅದು. ಜನಾರೋಗ್ಯ ಮತ್ತು ಜನಸಂಖ್ಯಾ ಸಂಶೋಧನೆ ಎಂದು ಅದರ ಹೆಸರು. ಭಾರತದಲ್ಲಿ ಅದರ ಒಂದು ಮುಖ್ಯ ಅಧ್ಯಾಯ ನಮ್ಮ ರಾಬರ್ಟ್‌ಸನ್‌ಪೇಟೆಯ ಪಕ್ಕದ ಗಣಿಗಳಲ್ಲೇ ನಡೆಯಿತೆಂಬುದು ನಿಮಗೆ ಗೊತ್ತೇ?

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಗಣಿಗಾರಿಕೆಗೆ ಕೈಹಾಕಿತು. ಚಿನ್ನ ಬೆಣಚುಕಲ್ಲಿನಲ್ಲಿ ಅಡಗಿತ್ತು. ಆ ಕಲ್ಲನ್ನು ಕೊರೆದು ಸಿಡಿಸುವಾಗ ಏಳುವ ಸೂಕ್ಷ್ಮ ಸಿಲಿಕಾ ಧೂಳು ಶ್ವಾಸಕೋಶದೊಳಗೆ ಸೇರಿ, ವರ್ಷಗಳು ಕಳೆದಂತೆ ಅದನ್ನು ಗಟ್ಟಿಗೊಳಿಸುತ್ತದೆ. ಇದೇ ಸಿಲಿಕೋಸಿಸ್. ಈ ರೋಗ ಬಂದವರಿಗೆ ಕ್ಷಯವೂ ಬೇಗ ತಗಲುತ್ತದೆ. ಎರಡರಲ್ಲೂ ಕೆಮ್ಮು ಮತ್ತು ಏದುಸಿರು ಇರುವುದರಿಂದ ಒಂದನ್ನು ಮತ್ತೊಂದೆಂದು ತಿಳಿಯುವುದು ಸುಲಭ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಮ್ಮು ಕಾರ್ಮಿಕನ ಹಣೆಬರಹವಾದರೆ ಅದಕ್ಕೆ ಯಾರೂ ಹೊಣೆಯಲ್ಲ. ಅದು ಕೆಲಸದಿಂದ ಬಂದ ರೋಗವೆಂದು ಸಾಬೀತಾದರೆ ಕೆಲಸ ಕೊಟ್ಟವರು ಹೊಣೆ. ಹಾಗೆ ಸಾಬೀತುಪಡಿಸುವುದಕ್ಕೆ ಒಬ್ಬನ ನೋವು ಸಾಲದು, ಲೆಕ್ಕ ಬೇಕು.

ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. 1940ರಿಂದ 1946ರವರೆಗೆ ಗಣಿಗಳಲ್ಲಿ 7,653 ಕಾರ್ಮಿಕರ ತಪಾಸಣೆ ನಡೆಯಿತು. ಡಾ. ಆಂಥನಿ ಕ್ಯಾಪ್ಲನ್ ಮತ್ತು ಸಂಗಡಿಗರು 1947ರಲ್ಲಿ ಅದರ ವರದಿ ಪ್ರಕಟಿಸಿದರು. ಶೇ. 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇತ್ತೆಂದು ವೈದ್ಯಕೀಯ ಪಠ್ಯಪುಸ್ತಕಗಳು ಈ ಅಧ್ಯಯನವನ್ನು ಉಲ್ಲೇಖಿಸುತ್ತವೆ. ಕ್ಯಾಪ್ಲನ್ ಮುಂದೆ ಬ್ರಿಟನ್ನಿನ ವೇಲ್ಸ್‌ನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರನ್ನು ಪರೀಕ್ಷಿಸಿದರು. ಕೀಲುವಾತವಿದ್ದ ಕಾರ್ಮಿಕರ ಎಕ್ಸ್‌ರೇಗಳಲ್ಲಿ ಕಂಡ ವಿಶಿಷ್ಟ ದುಂಡು ಗುರುತುಗಳನ್ನು 1953ರಲ್ಲಿ ವಿವರಿಸಿದರು. ಇಂದು ಪ್ರಪಂಚದ ವೈದ್ಯ ವಿದ್ಯಾರ್ಥಿಗಳು ಅದನ್ನು 'ಕ್ಯಾಪ್ಲನ್ ಸಿಂಡ್ರೋಮ್' ಎಂದು ಓದುತ್ತಾರೆ. ಅವರು ಅದಕ್ಕೂ ಮೊದಲು ಓದಿದ್ದು ಕೋಲಾರದ ಕಾರ್ಮಿಕರ ಎದೆಯ ಚಿತ್ರಗಳನ್ನು ಎಂಬುದು ಗಮನಾರ್ಹ.

ರೋಗಕ್ಕೆ ಅನ್ವಯಿಸಿದ ಈ ಲೆಕ್ಕದ ಕ್ರಮ ಜನಜೀವನಕ್ಕೂ ಅನ್ವಯಿಸುತ್ತದೆ. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕುಳಿದರು ಎಂದು ಮನೆಮನೆಗೆ ಹೋಗಿ ಕೇಳುವುದೇ ಜನಸಂಖ್ಯಾ ಶಾಸ್ತ್ರದ ಮೊದಲ ಹೆಜ್ಜೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ನಮ್ಮ ರಾಜ್ಯದಲ್ಲೇ 'ಮೈಸೂರು ಜನಸಂಖ್ಯಾ ಅಧ್ಯಯನ' ನಡೆಸಿದವು. ಅದರ ವರದಿ 1961ರಲ್ಲಿ ಹೊರಬಂತು.

ಇದೇ ಶಾಸ್ತ್ರದಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದ ಡಾ. ಅಬೂಸಾಲೆಹ್ ಶರೀಫ್ ಅವರು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಜನನ ಪ್ರಮಾಣದ ಬದಲಾವಣೆ ಕುರಿತು ಗ್ರಂಥ ಬರೆದರು. 2005ರಲ್ಲಿ ನೇಮಕವಾದ ಸಾಚಾರ್ ಸಮಿತಿಗೆ ಸದಸ್ಯ ಕಾರ್ಯದರ್ಶಿಯಾದರು. ಮುಸ್ಲಿಂ ಮಕ್ಕಳೆಲ್ಲ ಮದರಸಾಗಳಲ್ಲೇ ಓದುತ್ತಾರೆಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿತ್ತು. ಶಾಲಾ ವಯಸ್ಸಿನವರಲ್ಲಿ ಹಾಗೆ ಓದುವವರು ಸುಮಾರು ಶೇ. 3 ಮಾತ್ರ ಎಂದು 2006ರ ನವೆಂಬರ್‌ನಲ್ಲಿ ಸಲ್ಲಿಸಿದ ವರದಿ ತೋರಿಸಿತು. ನೂರು ಭಾಷಣಗಳಿಂದ ಆಗದ್ದು ಒಂದು ಅಂಕಿಯಿಂದ ಆಯಿತು.

ಈ ವಿದ್ಯೆಯನ್ನು ಕಲಿಯಲು ಮುಂಬೈಯಲ್ಲಿ 1956ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆಯಿದೆ. ಹತ್ತಿರದ ಬೆಂಗಳೂರಿನಲ್ಲಿ 1972ರಲ್ಲಿ ಸ್ಥಾಪನೆಯಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಿದೆ. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವರೂ ಈ ಕ್ಷೇತ್ರಕ್ಕೆ ಬರಬಹುದು. ಜನರ ಭಾಷೆಯಲ್ಲಿ ಮಾತನಾಡಿಸಿ, ಅವರ ವಿಶ್ವಾಸ ಗಳಿಸುವ ಗುಣ ಮಾತ್ರ ಇರಲೇಬೇಕು. ಕನ್ನಡ, ಉರ್ದು, ತಮಿಳು, ತೆಲುಗು ಕೇಳುತ್ತಾ ಬೆಳೆದ ಇಲ್ಲಿನ ಮಕ್ಕಳಿಗೆ ಅದು ಹುಟ್ಟಿನಿಂದಲೇ ಬಂದ ಬಂಡವಾಳ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆದರೆ ಧೂಳಿನ ಸಂಪರ್ಕ ತಪ್ಪಿದ ಮೇಲೂ ಸಿಲಿಕೋಸಿಸ್ ಉಲ್ಬಣಿಸಬಲ್ಲದು. ಗಣಿಗೆ ಬೀಗ ಬಿದ್ದ ಮಾತ್ರಕ್ಕೆ ರೋಗಕ್ಕೆ ಬೀಗ ಬೀಳುವುದಿಲ್ಲ. ನಿಮ್ಮ ಬೀದಿಯಲ್ಲಿ ಗಣಿಗಿಳಿದು ದುಡಿದ ಹಿರಿಯರಿದ್ದರೆ ಅವರನ್ನು ಕೇಳಿ: ಯಾವ ಗಣಿ, ಎಷ್ಟು ವರ್ಷ, ಯಾವ ಕೆಲಸ, ಉಸಿರು ಹೇಗಿದೆ? ಕೇಳಿದ್ದನ್ನು ಬರೆದಿಡಿ. ಸಂಶೋಧಕನ ಮೊದಲ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.