ಮೊಟಕಾದ ನಳಿಗೆ, ಸೇರಿಸಿದ ಚೋಕ್: ಹಳೆಯ ತೋಟಾಕೋವಿಯ ಬಾಯಿಯ ಚರಿತ್ರೆ

ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ನೇಗಿಲು, ಒನಕೆ, ಬೀಸುವ ಕಲ್ಲುಗಳಿಗೆ ದೊರೆತಷ್ಟು ಗಮನ ಕೋವಿಗೆ ದೊರೆತಿಲ್ಲ. ಅದು ಕಾರ್ಖಾನೆಯ ವಸ್ತು, ಜನಪದರ ಸೃಷ್ಟಿಯಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ವಸ್ತುವೊಂದು ತಯಾರಾದ ಮೇಲೆ ಅದನ್ನು ಬಳಸಿದವರು, ದುರಸ್ತಿ ಮಾಡಿದವರು, ತಮ್ಮ ಅಗತ್ಯಕ್ಕೆ ತಕ್ಕಂತೆ ಕತ್ತರಿಸಿದವರು ಉಳಿಸಿಹೋದ ಗುರುತುಗಳೂ ಜಾನಪದ ವಿದ್ವಾಂಸನಿಗೆ ಆಕರಗಳೇ ಆಗಿವೆ. ಹಳೆಯ ಜೋಡುನಳಿಗೆ ಕೋವಿಯ ಬಾಯಿಯನ್ನು ಕತ್ತರಿಸಿ ಮೊಟಕುಗೊಳಿಸುವುದು, ಮುಂದೆ ಅದೇ ಬಾಯಿಗೆ ತಿರುಪಿನ ಚೋಕ್ ಅಳವಡಿಸುವುದು ಅಂತಹ ಎರಡು ಗುರುತುಗಳು. ಪ್ರಸ್ತುತ ಲೇಖನದಲ್ಲಿ ಇವುಗಳ ಚರಿತ್ರೆಯನ್ನು ಪರಿಶೀಲಿಸಲಾಗಿದೆ.

ಮೊದಲಿಗೆ ಚೋಕ್ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಚರೆ ಹಾರಿಸುವ ಕೋವಿಯ ನಳಿಗೆಯನ್ನು ಬಾಯಿಯ ಕೊನೆಯ ಎರಡು ಮೂರು ಅಂಗುಲಗಳಲ್ಲಿ ತುಸು ಕಿರಿದುಗೊಳಿಸುವುದೇ ಚೋಕ್. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ.; ಪೂರ್ಣ ಚೋಕ್ ಇದನ್ನು ಸುಮಾರು 1 ಮಿ.ಮೀ.ನಷ್ಟು ಕುಗ್ಗಿಸುತ್ತದೆ. ಇಷ್ಟು ಅಲ್ಪ ವ್ಯತ್ಯಾಸದ ಪರಿಣಾಮ ಅಲ್ಪವಲ್ಲ. 40 ಗಜ ದೂರದಲ್ಲಿ 30 ಅಂಗುಲ ವ್ಯಾಸದ ವೃತ್ತವೊಂದನ್ನು ಬರೆದರೆ, ಚೋಕ್ ಇಲ್ಲದ ನಳಿಗೆಯ ಚರೆಗಳಲ್ಲಿ ಸುಮಾರು ಶೇ. 40ರಷ್ಟು ಅದರೊಳಗೆ ಬೀಳುತ್ತವೆ. ಪೂರ್ಣ ಚೋಕಿನಲ್ಲಿ ಈ ಪ್ರಮಾಣ ಶೇ. 70ರಷ್ಟಾಗುತ್ತದೆ.

ಈ ತಂತ್ರದ ಕರ್ತೃತ್ವದ ಬಗ್ಗೆ ಹಳೆಯ ವಿವಾದವಿದೆ. ಇಂಗ್ಲೆಂಡಿನ ನ್ಯೂಕಾಸಲ್‌ನ ಡಬ್ಲ್ಯು. ಆರ್. ಪೇಪ್ 1866ರಲ್ಲಿ ಪೇಟೆಂಟ್ ಪಡೆದನು. ಅಮೆರಿಕದಲ್ಲಿ ಈ ಶ್ರೇಯಸ್ಸನ್ನು ಫ್ರೆಡ್ ಕಿಂಬಲ್ ಎಂಬ ಬಾತುಕೋಳಿ ಬೇಟೆಗಾರನಿಗೆ ಸಲ್ಲಿಸುವ ಪರಂಪರೆಯೊಂದಿದೆ. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರ್‌ನ ಕೋವಿಗಳು 1875ರ ಸಾರ್ವಜನಿಕ ಪರೀಕ್ಷೆಗಳಲ್ಲಿ ಗೆದ್ದ ಮೇಲೆ ಚೋಕ್ ಎಲ್ಲೆಡೆ ಹರಡಿತು. ಒಬ್ಬ ಮೂಲಪುರುಷನನ್ನು ಹುಡುಕುವ ಇಂತಹ ಹಠ ಜಾನಪದ ಕಥಾಮೂಲಗಳ ಚರ್ಚೆಯಲ್ಲಿ ನಮಗೆ ಅಪರಿಚಿತವೇನಲ್ಲ! ನಮ್ಮ ವಿಷಯಕ್ಕೆ ಇವರೆಲ್ಲರಿಗಿಂತ ಮುಖ್ಯನಾದವನು ಅಮೆರಿಕದ ಸಿಲ್ವೆಸ್ಟರ್ ರೋಪರ್. 1868ರಲ್ಲಿ ಅವನು ಪೇಟೆಂಟ್ ಪಡೆದದ್ದು ನಳಿಗೆಯ ಬಾಯಿಗೆ ತಿರುಗಿಸಿ ಜೋಡಿಸುವ, ಬೇಡವಾದಾಗ ಕಳಚಿಡುವ ಚೋಕಿಗೆ. ತಿರುಪಿನ ಚೋಕನ್ನು ಇತ್ತೀಚಿನ ಆವಿಷ್ಕಾರವೆಂದು ಬಗೆಯುವುದು ವಾಡಿಕೆಯಾಗಿದ್ದರೂ ಅದು ಸ್ಥಿರ ಚೋಕಿನ ಹೆಚ್ಚುಕಡಿಮೆ ಸಮವಯಸ್ಕ. ನಳಿಗೆಯ ಒಳಗೆ ಮರೆಯಾಗಿ ಕೂರುವ ಇಂದಿನ ರೂಪವನ್ನು 1960ರ ದಶಕದಲ್ಲಿ ವಿಂಚೆಸ್ಟರ್ ಸಂಸ್ಥೆ ಮಾರುಕಟ್ಟೆಗೆ ತಂದಿತು.

ನಳಿಗೆಯನ್ನು ಕತ್ತರಿಸುವುದಕ್ಕೆ ಹಲವು ಕಾರಣಗಳಿದ್ದವು. ಬಾಯಿಯಲ್ಲಿ ಮಣ್ಣು ಅಥವಾ ಹಿಮ ಸಿಕ್ಕಿಕೊಂಡಿರುವಾಗ ಈಡು ಹಾರಿಸಿದರೆ ತುದಿ ಉಬ್ಬುತ್ತದೆ ಇಲ್ಲವೆ ಸೀಳುತ್ತದೆ. ಆಗ ಹಾಳಾದ ಭಾಗವನ್ನು ತೆಗೆದುಹಾಕುವುದೇ ಸುಲಭದ ದುರಸ್ತಿ. ಪೊದೆಗಾಡಿನಲ್ಲಿ ಗಿಡ್ಡ ಕೋವಿ ಅನುಕೂಲವೆಂಬುದು ಇನ್ನೊಂದು. ಫ್ಯಾಷನ್ ಕೂಡ ಇತ್ತು: 1920ರ ದಶಕದಲ್ಲಿ ಲಂಡನ್ನಿನ ರಾಬರ್ಟ್ ಚರ್ಚಿಲ್ 25 ಅಂಗುಲದ ನಳಿಗೆಗಳನ್ನು ಜನಪ್ರಿಯಗೊಳಿಸಿದನು. ನಳಿಗೆ ಉದ್ದವಾದಷ್ಟೂ ಏಟು ದೂರ ಹೋಗುತ್ತದೆಂಬ ನಂಬಿಕೆ ಕರಿಮದ್ದಿನ ಕಾಲದ್ದು, ಆ ಕಾಲಕ್ಕೆ ಅದರಲ್ಲಿ ಹುರುಳಿತ್ತು. ಹೊಗೆರಹಿತ ಮದ್ದಿನಲ್ಲಿ ಕೆಲವು ಅಂಗುಲಗಳ ವ್ಯತ್ಯಾಸಕ್ಕೆ ಹೆಚ್ಚಿನ ಬೆಲೆಯಿಲ್ಲ. ಕತ್ತರಿಸಿದಾಗ ನಿಜವಾಗಿ ಕಳೆದುಹೋಗುವುದು ಚೋಕ್. ಅದು ಇರುವುದೇ ತುದಿಯಲ್ಲಾದ್ದರಿಂದ ಮೂರು ಅಂಗುಲ ಹೋದರೆ ಪೂರ್ಣ ಚೋಕಿನ ಕೋವಿಯೂ ಬರಿಯ ಕೊಳವೆಯಾಗುತ್ತದೆ.

ಹೀಗೆ ಕಳೆದುಕೊಂಡದ್ದನ್ನು ಮರಳಿ ಪಡೆಯುವ ಉಪಾಯವೆಂದು ತಿರುಪಿನ ಚೋಕ್ ಹಳೆಯ ಕೋವಿಗಳಿಗೂ ಬಂದಿತು. ಇಲ್ಲಿಯೇ ತೊಡಕು ಆರಂಭವಾಗುವುದು. ಹಳೆಯ ಜೋಡುನಳಿಗೆಗಳ ಗೋಡೆ ಬುಡದಲ್ಲಿ ದಪ್ಪವಾಗಿದ್ದು ಮುಂದಕ್ಕೆ ತೆಳುವಾಗುತ್ತ ಹೋಗುತ್ತದೆ. ಚೋಕ್ ಇದ್ದಷ್ಟು ಭಾಗದಲ್ಲಿ ಮಾತ್ರ ಲೋಹ ಮತ್ತೆ ಸ್ವಲ್ಪ ದಪ್ಪಗಿರುತ್ತದೆ. ಕತ್ತರಿಸಿದವನು ತೆಗೆದದ್ದು ಆ ದಪ್ಪ ಭಾಗವನ್ನು. ಉಳಿದ ತೆಳು ಗೋಡೆಯನ್ನು ಒಳಗಿನಿಂದ ಇನ್ನಷ್ಟು ಕೊರೆದು ಅದರಲ್ಲಿ ತಿರುಪಿನ ಹಲ್ಲು ಕಡೆಯಬೇಕು. ಮೇಲಾಗಿ ಜೋಡುನಳಿಗೆಗಳು ಮುಂದಕ್ಕೆ ಪರಸ್ಪರ ವಾಲಿಕೊಂಡಿರುತ್ತವೆ; ನಳಿಗೆಯ ಹೊರಮೈಗೂ ಒಳಬೋರಿಗೂ ಕೇಂದ್ರ ಒಂದೇ ಆಗಿರಬೇಕೆಂದಿಲ್ಲ. ಹೊರಮೈಯನ್ನು ನಂಬಿ ಕೊರೆದರೆ ಒಂದು ಬದಿಯಲ್ಲಿ ಲೋಹ ಕಾಗದದಷ್ಟಾಗುತ್ತದೆ, ಚರೆಯೂ ಗುರಿಬಿಟ್ಟು ಬೀಳುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುರುಳಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗಳಲ್ಲಿ ಅಪಾಯ ಇಮ್ಮಡಿ. ಅಂತಹ ನಳಿಗೆಯಲ್ಲಿ ಹಲ್ಲು ಕಡೆಯಲೇಬಾರದೆಂಬುದು ನನ್ನ ಅಭಿಪ್ರಾಯ. ಬಾಯಿಯನ್ನು ಮುಟ್ಟದೆ, ಅದರ ಹಿಂದಿನ ಭಾಗವನ್ನು ತುಸು ಅಗಲಿಸಿ ಚೋಕಿನ ಪರಿಣಾಮ ಪಡೆಯುವ ಹಳೆಯ ಪದ್ಧತಿಯೊಂದಿದೆ. ಅದೂ ಗೋಡೆಯ ದಪ್ಪವನ್ನೇ ಬೇಡುತ್ತದೆ.

ಬ್ರಿಟನ್ನಿನಲ್ಲಿ ಹೀಗೆ ಮಾರ್ಪಡಿಸಿದ ನಳಿಗೆಯನ್ನು ಪರೀಕ್ಷಾಲಯಕ್ಕೆ ಒಯ್ದು ಮತ್ತೆ ಮುದ್ರೆ ಪಡೆಯಬೇಕು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಶಾಸನ ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರದು. ಸಂಶೋಧಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಇಲ್ಲಿದೆ. 1875ರಿಂದ 1887ರವರೆಗೆ ಚೋಕ್ ಇದ್ದ ನಳಿಗೆಗಳ ಮೇಲೆ ಒಂಟಿಗುಂಡಿಗೆ ಸಲ್ಲದು ಎಂಬ ಅರ್ಥದ 'ನಾಟ್ ಫಾರ್ ಬಾಲ್' ಮುದ್ರೆ ಇರುತ್ತಿತ್ತು. ಅನಂತರ 'ಚೋಕ್' ಎಂದೇ ಒತ್ತತೊಡಗಿದರು. ಈ ಮುದ್ರೆಗಳಿರುವುದು ನಳಿಗೆಯ ಬುಡದಲ್ಲಿ. ಬಾಯಿ ಕತ್ತರಿಸಿದರೂ ಮುದ್ರೆ ಹಾಗೆಯೇ ಉಳಿಯುತ್ತದೆ. ಅಂದರೆ ಬುಡದ ಬರಹ ಒಂದನ್ನು ಹೇಳಿದರೆ ಬಾಯಿ ಇನ್ನೊಂದನ್ನು ಹೇಳುತ್ತದೆ. ಮುದ್ರೆಯನ್ನಷ್ಟೇ ಓದಿ ಸೂಚಿಯಲ್ಲಿ ಚೋಕ್ ಕೋವಿ ಎಂದು ದಾಖಲಿಸುವ ವಸ್ತುಸಂಗ್ರಹಾಲಯ, ತಿದ್ದಿದ ಶಾಸನವನ್ನು ಮೂಲಪಾಠವೆಂದು ಓದಿದಂತಾಗುತ್ತದೆ. ಕತ್ತರಿಸಿದ್ದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಬಾಯಿಯ ಬಳಿ ಎರಡು ನಳಿಗೆಗಳ ನಡುವೆ ಇರಬಾರದ ಸಂದು, ಅದನ್ನು ಮುಚ್ಚಲು ಬೆಸುಗೆ ಹಾಕಿದ ತುಂಡು, ಮತ್ತೆ ಕೂರಿಸಿದ ಗುರಿಮಣಿ, 28 ಅಥವಾ 30 ಅಂಗುಲಕ್ಕೆ ಹೊಂದದ ಅಳತೆ, ಇವು ಸಾಕ್ಷ್ಯ ನುಡಿಯುತ್ತವೆ. ಆ ಸಂದನ್ನು ಮುಚ್ಚದೆ ಬಿಟ್ಟಲ್ಲಿ ನೀರು ಒಳಸೇರಿ, ಕಣ್ಣಿಗೆ ಕಾಣದೆಡೆಯಲ್ಲಿ ತುಕ್ಕು ಹಿಡಿಸಿರುತ್ತದೆ.

ಕಾನೂನು ಈ ಗರಗಸವನ್ನು ಸಂದೇಹದಿಂದಲೇ ಕಂಡಿದೆ. ಅಮೆರಿಕ 1934ರ ಕಾಯಿದೆಯಲ್ಲಿ 18 ಅಂಗುಲವನ್ನೂ ಬ್ರಿಟನ್ 1968ರ ಕಾಯಿದೆಯಲ್ಲಿ 24 ಅಂಗುಲವನ್ನೂ ಗಡಿಯಾಗಿಸಿದವು. ಭಾರತದ 1959ರ ಆಯುಧ ಕಾಯಿದೆಯ 6ನೆಯ ಪ್ರಕರಣದಂತೆ ಪರವಾನಗಿಯಿಲ್ಲದೆ ಯಾವುದೇ ಕೋವಿಯ ನಳಿಗೆಯನ್ನು ಮೊಟಕುಗೊಳಿಸುವಂತಿಲ್ಲ.

ಕನ್ನಡ ನಾಡಿನಲ್ಲಿ ಈ ಚರ್ಚೆ ಸಹಜವಾಗಿಯೇ ಕೊಡಗಿನತ್ತ ತಿರುಗುತ್ತದೆ. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು 1963ರ ಅಧಿಸೂಚನೆ ಮುಂದುವರಿಸಿತು. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಈ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು. ಮೊಟಕುಗೊಳಿಸುವುದು ಬೇರೆ ಪ್ರಕರಣದ ವಿಷಯ. ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂವಿನಿಂದ ಸಿಂಗಾರಗೊಂಡು ಪೂಜೆಗೊಳ್ಳುವ ಕೋವಿ, ಗಂಡುಮಗು ಹುಟ್ಟಿದಾಗ ಒಂದು ಸಲವೂ ಸಾವು ಸಂಭವಿಸಿದಾಗ ಎರಡು ಸಲವೂ ಮೊಳಗುವ ಕೋವಿ, ಚರೆ ಎಷ್ಟು ಹರಡಿತೆಂಬ ಲೆಕ್ಕವನ್ನೇ ಕೇಳುವುದಿಲ್ಲ. ಅದರ ಕೆಲಸ ಊರಿಗೆ ಕೇಳಿಸುವುದು. ಚೋಕಿನ ಲೆಕ್ಕ ಬೇಕಾಗಿದ್ದದ್ದು ಬೇಟೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಕಾಲಕ್ಕೆ ತೆರೆ ಎಳೆಯಿತು. ಪಶ್ಚಿಮದಲ್ಲಿ ಮಣ್ಣಿನ ಬಿಲ್ಲೆ ಹೊಡೆಯುವ ಕ್ರೀಡೆ ಚೋಕಿಗೆ ಹೊಸ ಜೀವ ಕೊಟ್ಟಿತು. ಇಲ್ಲಿ ಮನೆತನದ ಹಳೆಯ ಕೋವಿಗೆ ಅಂತಹ ಒತ್ತಡವಿಲ್ಲ. ಆದ್ದರಿಂದ ಮೊಟಕಾದ ನಳಿಗೆಗೆ ಹೊಸ ಚೋಕ್ ಸೇರಿಸುವ ಬದಲು ಗೋಡೆಯ ದಪ್ಪ, ನಳಿಗೆಯ ಉದ್ದ, ಬುಡದ ಮುದ್ರೆ, ಕತ್ತರಿಸಿದ ಗುರುತು ಇವಿಷ್ಟನ್ನೂ ಬರೆದಿಟ್ಟು, ಯಾರು, ಏಕೆ ಕತ್ತರಿಸಿದರೆಂದು ಆ ಮನೆಯ ಹಿರಿಯರು ಹೇಳುವ ಮಾತನ್ನೂ ಅದರ ಜೊತೆಗೇ ದಾಖಲಿಸುವುದು ಕ್ಷೇತ್ರಕಾರ್ಯಕರ್ತರಿಂದ ಆಗಬೇಕಾದ ಕೆಲಸ.