ಓಬವ್ವನ ಮುಖ

ಸಿರಿಗೆರೆಯ ಒಂದು ಮನೆಯ ಜಗುಲಿಯ ಮೇಲೆ ಕೆಲವು ವರ್ಷಗಳ ಹಿಂದೆ ನಡೆದ ಮಾತುಕತೆಯೊಂದರಿಂದ ಈ ಭಾಷಣವನ್ನು ಆರಂಭಿಸುತ್ತೇನೆ. ಸಂಜೆಯ ಹೊತ್ತು. ನಿವೃತ್ತರಾದ ಮೇಷ್ಟರೊಬ್ಬರು, ಹೊಲದಿಂದ ಆಗತಾನೆ ಮರಳಿದ್ದ ಮನೆಯ ಯಜಮಾನರು, ಅವರ ವೃದ್ಧ ತಾಯಿ, ನೆರೆಮನೆಯ ಇಬ್ಬರು, ಅತಿಥಿಯಾಗಿ ಹೋಗಿದ್ದ ನಾನು. ಮಾತು ಮಳೆಯಿಂದ ಮೆಕ್ಕೆಜೋಳದ ಧಾರಣೆಗೆ ಬಂದು, ಅಲ್ಲಿಂದ ಹೇಗೋ ಹಳೆಯ ಸಿನಿಮಾಗಳ ಕಡೆಗೆ ಹೊರಳಿತು. ಚಿತ್ರದುರ್ಗದ ಸೀಮೆಯಲ್ಲಿ ಹಳೆಯ ಸಿನಿಮಾದ ಮಾತು ಬಂದರೆ ಅದು ‘ನಾಗರಹಾವು’ ಚಿತ್ರವನ್ನು ಮುಟ್ಟದೆ ಮುಗಿಯುವುದಿಲ್ಲ.

ಅಜ್ಜಿ ಹೇಳಿದರು: “ಓಬವ್ವ ಅಂದ್ರೆ ಸಾಮಾನ್ಯ ಹೆಂಗಸಲ್ಲಪ್ಪ. ಆಕೆ ಕಣ್ಣು ನೋಡಿದೀಯಾ? ಒನಕೆ ಎತ್ತಿ ನಿಂತಾಗ ನನಗೇ ಮೈ ನಡುಗಿತ್ತು.”

ಮೇಷ್ಟರು ನಕ್ಕರು. “ಅವ್ವಾ, ನೀವು ನೋಡಿದ್ದು ಓಬವ್ವನ್ನಲ್ಲ, ಜಯಂತಿಯವರನ್ನ.”

“ಗೊತ್ತು ಬಿಡಿ ಮೇಷ್ಟ್ರೇ. ನಮ್ಮವ್ವ ಹೇಳ್ತಿದ್ದ ಕಥೇಲಿ ಓಬವ್ವಂಗೆ ಮುಖನೇ ಇರ್ಲಿಲ್ಲ. ಒಂದು ಕೈ, ಒಂದು ಒನಕೆ, ಅಷ್ಟೇ. ಸಿನಿಮಾ ಬಂದ ಮೇಲೆ ಮುಖ ಬಂತು. ಆದ್ರೆ ನಮ್ಮವ್ವ ಹೆಂಗೆ ಹೇಳ್ತಿದ್ಲು ಅನ್ನೋದು ಈಗ ನೆನಪಿಗೇ ಬರ್ತಾ ಇಲ್ಲ.”

ಅಜ್ಜಿ ಇದನ್ನು ದೂರಿನಂತೆ ಹೇಳಲಿಲ್ಲ. ಆದರೂ ಆ ಕೊನೆಯ ಮಾತು ನನ್ನನ್ನು ಬಹುಕಾಲ ಕಾಡಿತು. ಸಿನಿಮಾ ನಮಗೆ ಕೊಟ್ಟದ್ದೇನು, ಕೊಡುವಾಗ ನಮ್ಮಿಂದ ತೆಗೆದುಕೊಂಡು ಹೋದದ್ದೇನು? ಹಳೆಯ ಚಿತ್ರಗಳನ್ನೂ ತಾರೆಗಳನ್ನೂ ಕುರಿತು ಜನ ಆಡುವ ಮಾತನ್ನು ನಾವು ಸಾಮಾನ್ಯವಾಗಿ ಕಾಡುಹರಟೆಯೆಂದು ತಳ್ಳಿಹಾಕುತ್ತೇವೆ. ಆ ಹರಟೆಗೆ ಚರಿತ್ರೆಯಲ್ಲಿ ಒಂದು ಸ್ಥಾನವುಂಟು ಎಂಬುದನ್ನು ಚಿತ್ರದುರ್ಗದ ನೆಲದ ಕೆಲವು ಉದಾಹರಣೆಗಳಿಂದ ನಿವೇದಿಸಿಕೊಳ್ಳುವುದು ನನ್ನ ಉದ್ದೇಶ.

ಮೊದಲನೆಯ ಉದಾಹರಣೆ ಹೊಳಲ್ಕೆರೆಯದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಚಮನ್‌ಲಾಲ್ ಡೂಂಗಾಜಿಯವರು ನಿರ್ಮಾಪಕರು, ವೈ.ವಿ. ರಾವ್ ನಿರ್ದೇಶಕರು; ಮಾತು ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಕರ್ನಾಟಕದಲ್ಲಿ ಆಗ ಮಾತಿನ ಚಿತ್ರ ತೆಗೆಯುವ ಸೌಕರ್ಯ ಇರಲಿಲ್ಲವಾಗಿ ತಂಡವೆಲ್ಲ ಕೊಲ್ಹಾಪುರಕ್ಕೆ ಹೋಗಿ ಚಿತ್ರೀಕರಿಸಿಕೊಂಡು ಬಂದಿತು. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ತ್ರಿಪುರಾಂಬಾ ಅವರು ಸುಲೋಚನೆ. ರಾವಣನಾಗಿ ನಟಿಸಿ, ಚಿತ್ರಕ್ಕೆ ಸಂಗೀತವನ್ನೂ ಒದಗಿಸಿದವರು ಆರ್. ನಾಗೇಂದ್ರರಾಯರು. ಅವರು ಹುಟ್ಟಿದ್ದು 1896ರಲ್ಲಿ, ಇದೇ ಹೊಳಲ್ಕೆರೆಯಲ್ಲಿ. ಕನ್ನಡ ಬೆಳ್ಳಿತೆರೆಯ ಮೇಲೆ ಮೊಟ್ಟಮೊದಲು ಮೊಳಗಿದ ರಾವಣನ ಕಂಠ ಚಿತ್ರದುರ್ಗ ಜಿಲ್ಲೆಯದು ಎಂದು ಈ ಸೀಮೆಯವರು ಹೆಮ್ಮೆ ಪಟ್ಟರೆ ತಪ್ಪಿಲ್ಲ.

ನಾಗೇಂದ್ರರಾಯರು ಮುಂದೆ ‘ಜಾತಕಫಲ’, ‘ಪ್ರೇಮದ ಪುತ್ರಿ’, ‘ವಿಜಯನಗರದ ವೀರಪುತ್ರ’ ಚಿತ್ರಗಳನ್ನು ನಿರ್ದೇಶಿಸಿದರು. 1968ರ ‘ಹಣ್ಣೆಲೆ ಚಿಗುರಿದಾಗ’ ಚಿತ್ರದಲ್ಲಿ ಹಿರಿಯರ ಪಾತ್ರ ವಹಿಸಿದಾಗ ಅವರಿಗೆ ಎಪ್ಪತ್ತು ದಾಟಿತ್ತು. 1976ರಲ್ಲಿ ಪದ್ಮಶ್ರೀ ಬಂತು; ಮರುವರ್ಷ ಅವರು ತೀರಿಕೊಂಡರು. ಅವರ ಮಕ್ಕಳಲ್ಲಿ ಜಯಗೋಪಾಲ್ ಗೀತರಚನಕಾರರಾಗಿ, ಕೃಷ್ಣಪ್ರಸಾದ್ ಛಾಯಾಗ್ರಾಹಕರಾಗಿ, ಸುದರ್ಶನ್ ನಟರಾಗಿ ಹೆಸರಾದರು.

ಇಷ್ಟೆಲ್ಲ ವಿವರ ನಮಗೆ ಗೊತ್ತು. ಆದರೆ ಆ ರಾವಣನ ಕಂಠವನ್ನು ಮಾತ್ರ ನಾವು ಕೇಳಲಾರೆವು. ‘ಸತಿ ಸುಲೋಚನಾ’ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. ಇದರ ಕಾರಣಗಳು ಗೂಢವಾದುವೇನಲ್ಲ. 1950ರ ದಶಕದ ಆರಂಭದವರೆಗೆ ಚಿತ್ರಗಳನ್ನು ಮುದ್ರಿಸುತ್ತಿದ್ದುದು ಹೆಚ್ಚಾಗಿ ನೈಟ್ರೇಟ್ ಫಿಲ್ಮಿನ ಮೇಲೆ. ಅದು ಬೆಂಕಿಗೆ ಬಲು ಬೇಗ ತುತ್ತಾಗುವಂಥದು. ಬೆಂಕಿ ತಗಲದಿದ್ದರೂ ನಮ್ಮ ಸೆಕೆಗೆ ತಾನಾಗಿಯೇ ಅಂಟಂಟಾಗಿ, ಕೊನೆಗೆ ಪುಡಿಯಾಗಿ ಹೋಗುತ್ತದೆ. ಊರೂರು ಸುತ್ತುವ ಪ್ರತಿಗಳು ಯಂತ್ರದ ಹಲ್ಲಿಗೆ ಸಿಕ್ಕು ಹರಿಯುತ್ತಿದ್ದುವು. ಓಟ ಮುಗಿದ ರೀಲುಗಳಿಂದ ಬೆಳ್ಳಿಯ ಅಂಶವನ್ನು ತೆಗೆದು ಮಾರುವ ವ್ಯಾಪಾರವೂ ಇತ್ತು. ದೇಶದ ಚಲನಚಿತ್ರ ಭಂಡಾರ ಪುಣೆಯಲ್ಲಿ ಸ್ಥಾಪನೆಯಾದುದು 1964ರಲ್ಲಿ. ಅಂದರೆ ಕನ್ನಡ ವಾಕ್ಚಿತ್ರ ಹುಟ್ಟಿದ ಮೂವತ್ತು ವರ್ಷಗಳ ಮೇಲೆ.

ಹಾಗಾದರೆ ಆ ಚಿತ್ರ ಉಳಿದಿರುವುದೆಲ್ಲಿ? ಪತ್ರಿಕೆಯ ಜಾಹೀರಾತಿನಲ್ಲಿ, ಒಂದೆರಡು ಸ್ಥಿರಚಿತ್ರಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ನೋಡಿದವರು ಆಡಿದ ಮಾತಿನಲ್ಲಿ. ಸಿರಿಗೆರೆಯ ಜಗುಲಿಯ ಮೇಲೆ ಮೇಷ್ಟರು ತಮ್ಮ ತಂದೆಯಿಂದ ಕೇಳಿದ್ದನ್ನು ಹೇಳಿದರು. ಡೇರೆಯ ಟೂರಿಂಗ್ ಟಾಕೀಸು ಊರಿಗೆ ಬಂದಾಗ ತಮಟೆಯವನ ಹಿಂದೆ ಹುಡುಗರು ಓಡುತ್ತಿದ್ದರಂತೆ. ಒಂದೇ ಯಂತ್ರವಾದುದರಿಂದ ರೀಲು ಬದಲಾಯಿಸುವಾಗಲೆಲ್ಲ ದೀಪ ಹೊತ್ತುತ್ತಿತ್ತು. ಆ ಬಿಡುವಿನಲ್ಲಿ ಹಾಡಿನ ಪುಸ್ತಕ, ಕಡಲೆಕಾಯಿ ಮಾರುತ್ತಿದ್ದರು. ನೆಲದ ಮೇಲೆ ಕುಳಿತವರು ಮುಂದೇನಾದೀತೆಂದು ವಾದಿಸುತ್ತಿದ್ದರು. ಸಿನಿಮಾ ನೋಡುವುದೂ ಸಿನಿಮಾದ ಮಾತಾಡುವುದೂ ನಮ್ಮಲ್ಲಿ ಜೊತೆಯಾಗಿಯೇ ಬೆಳೆದವೆಂದು ತೋರುತ್ತದೆ.

ಎರಡನೆಯ ಉದಾಹರಣೆ ತ.ರಾ. ಸುಬ್ಬರಾಯರದು. ತಳುಕಿನ ರಾಮಸ್ವಾಮಯ್ಯನವರ ಮಗ ಸುಬ್ಬರಾಯರು ಓದುಗರ ಬಾಯಲ್ಲಿ ತರಾಸು ಆದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು 1982ರ ‘ದುರ್ಗಾಸ್ತಮಾನ’ದವರೆಗೆ ದುರ್ಗದ ನಾಯಕರ ಚರಿತ್ರೆಯನ್ನು ಅವರು ಕಾದಂಬರಿಗಳಲ್ಲಿ ಕಡೆದು ನಿಲ್ಲಿಸಿದರು. ಅವರ ಬರಹವನ್ನು ತೆರೆ ಬಹು ಬೇಗ ಗುರುತಿಸಿತು. ಆದರೆ ಹಾಗೆ ಗುರುತಿಸಿದ್ದು ಕನ್ನಡದ ತೆರೆಗಿಂತ ಮೊದಲು ಹಿಂದಿಯದು ಎಂದರೆ ಇಂದಿನವರಿಗೆ ಆಶ್ಚರ್ಯವಾದೀತು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬಾಳನ್ನು ಕುರಿತ ‘ಹಂಸಗೀತೆ’ ಕಾದಂಬರಿಯನ್ನು ಆಧರಿಸಿ 1956ರಲ್ಲಿ ‘ಬಸಂತ್ ಬಹಾರ್’ ಬಂತು. ಅದರ ಗಾನಸ್ಪರ್ಧೆಯಲ್ಲಿ ನಾಯಕನಿಗೆ ಮನ್ನಾ ಡೇ ಅವರ ಕಂಠ. ಪ್ರತಿಸ್ಪರ್ಧಿಗೆ ನಮ್ಮ ಗದಗಿನ ಕಡೆಯ ಭೀಮಸೇನ ಜೋಶಿಯವರ ಕಂಠ. ಕಥೆಯ ಪ್ರಕಾರ ನಾಯಕ ಗೆಲ್ಲಲೇಬೇಕಷ್ಟೆ. ಆದುದರಿಂದ ಭೀಮಸೇನರು ಸೋಲಬೇಕಾಯಿತು. ಈ ವಿಷಯ ಎತ್ತಿದರೆ ಹಳೆಯ ರಸಿಕರು ಇಂದಿಗೂ ತೀರ್ಪನ್ನು ಒಪ್ಪುವುದಿಲ್ಲ.

ಅದೇ ಕಾದಂಬರಿ ಕನ್ನಡದಲ್ಲಿ ಚಿತ್ರವಾಗಲು 1975ರವರೆಗೆ ಕಾಯಬೇಕಾಯಿತು. ನಿರ್ದೇಶಿಸಿದವರು ಜಿ.ವಿ. ಅಯ್ಯರ್. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಮತ್ತು ನರಸಿಂಹರಾಜು ಅವರೊಡನೆ ಬಣ್ಣ ಹಚ್ಚಿದ್ದ ಅಯ್ಯರ್ ಅವರೇ ಇವರು. ಅನಂತನಾಗ್ ವೆಂಕಟಸುಬ್ಬಯ್ಯನಾದರು, ಬಾಲಮುರಳೀಕೃಷ್ಣ ಅವರಿಗೆ ಈ ಚಿತ್ರದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ದೊರೆಯಿತು. ಈ ನಡುವೆ 1964ರಲ್ಲಿ ತರಾಸು ಅವರ ‘ಚಂದವಳ್ಳಿಯ ತೋಟ’ವನ್ನು ಟಿ.ವಿ. ಸಿಂಗ್ ಠಾಕೂರರು ರಾಜಕುಮಾರ್ ಅವರ ಅಭಿನಯದಲ್ಲಿ ತೆರೆಗೆ ತಂದಿದ್ದರು. ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂದು ಅದಕ್ಕೂ ರಾಷ್ಟ್ರಮನ್ನಣೆ ಸಂದಿತು.

ಇನ್ನು ‘ನಾಗರಹಾವು’. 1972ರ ಡಿಸೆಂಬರ್ 29ರಂದು ಬಿಡುಗಡೆಯಾದ ಈ ಚಿತ್ರವನ್ನು ಎನ್. ವೀರಾಸ್ವಾಮಿಯವರು ನಿರ್ಮಿಸಿದರು, ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದರು, ಸಂಗೀತ ವಿಜಯಭಾಸ್ಕರ್ ಅವರದು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಅಳವಡಿಸಲಾಯಿತು. ರಾಮಾಚಾರಿಯಾಗಿ ವಿಷ್ಣುವರ್ಧನ್, ಅಲಮೇಲುವಾಗಿ ಆರತಿ, ಮಾರ್ಗರೆಟ್ಟಳಾಗಿ ಶುಭಾ, ಜಲೀಲನಾಗಿ ಅಂಬರೀಷ್, ಚಾಮಯ್ಯ ಮೇಷ್ಟರಾಗಿ ಅಶ್ವತ್ಥ್. ವಿಷ್ಣುವರ್ಧನ್ ಮೊದಲು ಕಾಣಿಸಿಕೊಂಡದ್ದೇ ಇದರಲ್ಲಿ ಎಂದು ಅಭಿಮಾನಿಗಳು ವಾದಿಸುವುದುಂಟು. ಅದಕ್ಕೂ ಮುನ್ನ ಅವರು ‘ವಂಶವೃಕ್ಷ’ದಲ್ಲಿ ಸಣ್ಣ ಪಾತ್ರವೊಂದನ್ನು ಮಾಡಿದ್ದರು, ನಾಯಕರಾದುದು ಇಲ್ಲಿ. ಹರಟೆಗೂ ಆಗಾಗ ತಿದ್ದುಪಡಿ ಬೇಕು.

ಚಿತ್ರ ಅಪಾರ ಯಶಸ್ಸು ಕಂಡಿತು. ಆದರೆ ಮೂಲ ಲೇಖಕರಿಗೆ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರೆಂದು ತರಾಸು ಹೇಳಿದರೆಂಬ ಮಾತು ಜನಜನಿತವಾಗಿದೆ. ಕೇರೆಹಾವಿಗೆ ಹೆಡೆಯಿಲ್ಲ, ವಿಷವಿಲ್ಲ. ತಾನು ಕಂಡ ಯುವಕನ ಉರಿ ತೆರೆಯ ಮೇಲೆ ಉಳಿಯಲಿಲ್ಲ ಎಂಬ ಲೇಖಕನ ಸಂಕಟ ಆ ಒಂದು ಮಾತಿನಲ್ಲಿ ಅಡಗಿದೆ. ಪ್ರೇಕ್ಷಕರ ತೀರ್ಪು ಬೇರೆಯಾಯಿತು. ರಾಮಾಚಾರಿ ಎಂದೊಡನೆ ಇಂದು ಕಾದಂಬರಿಯ ಪುಟ ಕಣ್ಣಮುಂದೆ ಬರುವವರು ಎಷ್ಟು ಜನ? ಕೋಟೆಯ ಬಂಡೆಯ ಮೇಲೆ ನಿಂತ ವಿಷ್ಣುವರ್ಧನ್ ಅವರ ನಿಲುವೇ ಬರುತ್ತದೆ. ಸಿರಿಗೆರೆಯ ಅಜ್ಜಿಗೆ ಆದದ್ದೂ ಇದೇ. ತರಾಸು ಅವರಿಗೆ ಆದದ್ದೂ ಇದೇ. ಒಬ್ಬರು ಅದನ್ನು ನಗುತ್ತ ಒಪ್ಪಿಕೊಂಡರು, ಇನ್ನೊಬ್ಬರು ನೊಂದು ಪ್ರತಿಭಟಿಸಿದರು.

ಓಬವ್ವನ ಕಥೆಯನ್ನೇ ತೆಗೆದುಕೊಳ್ಳಿ. 1754ರಿಂದ 1779ರವರೆಗೆ ಆಳಿದ ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿತು. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ. ಓಬವ್ವ ನೀರಿಗೆ ಹೋಗುತ್ತಾಳೆ. ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಾಣುತ್ತಾಳೆ. ಊಟದಿಂದ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ನಿಲ್ಲುತ್ತಾಳೆ. ತೆವಳಿಕೊಂಡು ತಲೆ ಹೊರಗಿಟ್ಟವನೊಬ್ಬನೂ ಮುಂದೆ ಹೋಗುವುದಿಲ್ಲ. ಆಕೆ ಹೇಗೆ ಸತ್ತಳೆಂಬುದರಲ್ಲಿ ಕಥೆ ಹೇಳುವವರೊಳಗೆ ಭೇದವುಂಟು. ಈ ಕಥೆಯನ್ನು ಕಾಪಾಡಿಕೊಂಡು ಬಂದದ್ದು ಮುಖ್ಯವಾಗಿ ಜನರ ನಾಲಗೆ. ಒನಕೆ ಕಿಂಡಿ ಎಂದು ಆ ಜಾಗಕ್ಕೆ ಉಳಿದುಬಂದ ಹೆಸರು ಅದಕ್ಕೆ ಆಸರೆ. ಪುಟ್ಟಣ್ಣನವರ ಚಿತ್ರದಲ್ಲಿ ಇದು ಒಂದು ಹಾಡಿನಷ್ಟು ಹೊತ್ತು ಬರುತ್ತದೆ. ಚಿ. ಉದಯಶಂಕರ್ ಬರೆದು ಪಿ.ಬಿ. ಶ್ರೀನಿವಾಸ್ ಹಾಡಿದ ಆ ಗೀತೆಯೂ ಜಯಂತಿಯವರ ನೋಟವೂ ಸೇರಿ, ದುರ್ಗದ ಓಬವ್ವನನ್ನು ಬೀದರದಿಂದ ಚಾಮರಾಜನಗರದವರೆಗೆ ಕೊಂಡೊಯ್ದುವು. ಎಷ್ಟೋ ಜನ ಆಕೆಯ ಹೆಸರನ್ನು ಮೊದಲು ಕೇಳಿದ್ದು ಆ ಹಾಡಿನಲ್ಲಿ. ಜಯಂತಿಯವರು 2021ರ ಜುಲೈನಲ್ಲಿ ನಿಧನರಾದರು. ಅದೇ ವರ್ಷ ರಾಜ್ಯ ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿಯೆಂದು ಘೋಷಿಸಿತು.

ಹೀಗೆ ಸಿನಿಮಾ ಒಂದು ಊರಿನ ಕಥೆಯನ್ನು ನಾಡಿನ ಕಥೆಯಾಗಿ ಮಾಡಿತು. ಅದು ದೊಡ್ಡ ಉಪಕಾರ, ಅದನ್ನು ಮರೆಯಬಾರದು. ಆದರೆ ನೂರು ಮನೆಗಳಲ್ಲಿ ನೂರು ಬಗೆಯಾಗಿ ಹೇಳುತ್ತಿದ್ದ ಕಥೆಗೆ ಒಂದೇ ಮುಖ ನಿಂತುಹೋಯಿತು. ಮೊಮ್ಮಗಳಿಗೆ ಅಜ್ಜಿ ತನ್ನ ತಾಯಿಯ ಮಾತಿನಲ್ಲಿ ಕಥೆ ಹೇಳುವ ಬದಲು ಹಾಡನ್ನು ಹಾಡಿ ತೋರಿಸಿದಳು. ಹೊಳಲ್ಕೆರೆಯ ರಾವಣನ ವಿಷಯದಲ್ಲಿ ಚಿತ್ರ ಅಳಿದು ಮಾತು ಉಳಿಯಿತು. ದುರ್ಗದ ಓಬವ್ವನ ವಿಷಯದಲ್ಲಿ ಚಿತ್ರ ಉಳಿದು ಮಾತು ಅಳಿಯುತ್ತಿದೆ. ಎರಡೂ ನಷ್ಟವೇ. ಮೊದಲನೆಯದಕ್ಕೆ ನಾವು ಈಗ ಏನನ್ನೂ ಮಾಡಲಾರೆವು. ಎರಡನೆಯದಕ್ಕೆ ಇನ್ನೂ ಕಾಲ ಮೀರಿಲ್ಲ.

ತರಾಸು ಮತ್ತು ಪುಟ್ಟಣ್ಣನವರ ಕಥೆಗೆ ಒಂದು ಉಪಸಂಹಾರವಿದೆ. 1984ರ ಏಪ್ರಿಲಿನಲ್ಲಿ ತರಾಸು ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಮರುವರ್ಷ, ಅದನ್ನು ನೋಡಲು ಅವರಿರಲಿಲ್ಲ. ಅದೇ 1985ರ ಜೂನ್ 5ರಂದು ಪುಟ್ಟಣ್ಣನವರೂ ಹೋದರು. ಸಾಯುವಾಗ ಅವರ ಕೈಯಲ್ಲಿದ್ದ, ಕೆ.ಎಸ್.ಎಲ್. ಸ್ವಾಮಿಯವರು ಮುಂದೆ ಪೂರ್ಣಗೊಳಿಸಿದ ಚಿತ್ರ ‘ಮಸಣದ ಹೂವು’. ಅದು ತರಾಸು ಅವರದೇ ಕಾದಂಬರಿ. ಅದರಲ್ಲಿಯೂ ಅಂಬರೀಷ್ ಇದ್ದಾರೆ, ಜಯಂತಿ ಇದ್ದಾರೆ. ಕೇರೆಹಾವಿನ ಮಾತು ಏನೇ ಇರಲಿ, ನಿರ್ದೇಶಕ ತನ್ನ ಕೊನೆಯ ಕೆಲಸಕ್ಕೆ ಆ ಲೇಖಕನ ಬಾಗಿಲಿಗೇ ಮರಳಿದ್ದನೆಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

2018ರಲ್ಲಿ ‘ನಾಗರಹಾವು’ ಹೊಸ ತಂತ್ರದಿಂದ ಶುದ್ಧಗೊಂಡು ಮತ್ತೆ ತೆರೆಗೆ ಬಂತು. ಹಳಬರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದರು. ಚಿತ್ರವನ್ನು ಹಾಗೆ ಶುದ್ಧಿ ಮಾಡಬಹುದು. ಮಾತನ್ನು ಶುದ್ಧಿ ಮಾಡುವ ಯಂತ್ರವಿಲ್ಲ. ಕೇಳಿ ಬರೆದುಕೊಳ್ಳುವುದೊಂದೇ ಉಪಾಯ. ನಿಮ್ಮ ಮನೆಯ ಹಿರಿಯರು ಹಳೆಯ ಸಿನಿಮಾದ ಮಾತು ತೆಗೆದಾಗ ಬೇಸರಿಸಬೇಡಿ. ಯಾವ ಊರಿನ ಡೇರೆ, ಯಾವ ವರ್ಷ, ಜೊತೆಗೆ ಯಾರಿದ್ದರು, ತೆರೆಯ ಮೇಲೆ ಕಾಣುವ ಮುನ್ನ ಆ ಕಥೆಯನ್ನು ಯಾರ ಬಾಯಲ್ಲಿ ಹೇಗೆ ಕೇಳಿದ್ದರು—ಇಷ್ಟನ್ನು ಕೇಳಿ.

ಸಿರಿಗೆರೆಯಿಂದ ಹೊರಡುವಾಗ ನಾನು ಆ ಅಜ್ಜಿಯನ್ನು ಮತ್ತೊಮ್ಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ಒಂದು ಮಾತ್ರ ನೆನಪಿದೆ ಕಣಪ್ಪ. ‘ಆಕೆ ಗಂಡನ್ನ ಯಾಕೆ ಕೂಗಲಿಲ್ಲ?’ ಅಂತ ನಾನು ಕೇಳಿದ್ದಕ್ಕೆ, ‘ಉಣ್ಣೋರನ್ನ ಎಬ್ಬಿಸಬಾರದು’ ಅಂದಿದ್ಲು ನಮ್ಮವ್ವ.”

ಆ ಒಂದು ವಾಕ್ಯವನ್ನು ನಾನು ಬರೆದಿಟ್ಟುಕೊಂಡೆ.