ಲಿನಕ್ಸ್ (ಡೆಸ್ಕ್‌ಟಾಪ್ ಬಳಕೆ)

ಲಿನಕ್ಸ್ ಕರ್ನೆಲ್ ಮತ್ತು ಗ್ನೂ ಯೋಜನೆಯ ತಂತ್ರಾಂಶಗಳ ಮೇಲೆ ಕಟ್ಟಿದ ಕಾರ್ಯಾಚರಣ ವ್ಯವಸ್ಥೆಗಳನ್ನು ಮನೆ, ಶಾಲೆ, ಕಚೇರಿಗಳ ಕಂಪ್ಯೂಟರ್‌ಗಳಲ್ಲಿ ಬಳಸುವ ರೂಢಿ. ಸರ್ವರ್‌ಗಳಲ್ಲಿ ನೇರವಾಗಿ, ಮೊಬೈಲುಗಳಲ್ಲಿ ಆಂಡ್ರಾಯ್ಡ್ ಮೂಲಕ ಎಲ್ಲೆಡೆ ಹಬ್ಬಿರುವ ಲಿನಕ್ಸ್‌ಗೆ ಡೆಸ್ಕ್‌ಟಾಪ್‌ನಲ್ಲಿ ಇರುವುದು ಸಣ್ಣ ಪಾಲು. ಅದು ಯಾರಿಗೆ ಒಗ್ಗುತ್ತದೆ ಎಂಬುದನ್ನು ಬಳಕೆದಾರರ ಜಾಣ್ಮೆಗಿಂತ ಅವರ ಹಳೆಯ ಕಡತಗಳೂ ಸಲಕರಣೆಗಳೂ ಹೆಚ್ಚಾಗಿ ನಿರ್ಧರಿಸುತ್ತವೆ.

ಹಿನ್ನೆಲೆ

ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಕರ್ನೆಲ್ಲಿನ ಮೊದಲ ರೂಪವನ್ನು ಹೊರತಂದರು. ಕೆಡಿಇ (1996) ಮತ್ತು ಗ್ನೋಮ್ (1997) ಯೋಜನೆಗಳು ಕಿಟಕಿ, ಮೆನುಗಳ ಮೇಲ್ಮೈ ಒದಗಿಸಿದವು. 2004ರಲ್ಲಿ ಬಂದ ಉಬುಂಟು ಎಂಬ ವಿತರಣೆ (ಕರ್ನೆಲ್ ಮತ್ತು ತಂತ್ರಾಂಶಗಳ ಸಿದ್ಧ ಕಟ್ಟು) ಅನುಸ್ಥಾಪನೆಯನ್ನು ಸುಲಭಗೊಳಿಸಿತು.

ಬಳಕೆದಾರ ವರ್ಗಗಳು

ಬ್ರೌಸರ್, ಇಮೇಲ್, ವಿಡಿಯೊಗಳಷ್ಟೇ ಸಾಕು ಎನ್ನುವವರಿಗೂ ಪ್ರೋಗ್ರಾಮಿಂಗ್ ಬಲ್ಲವರಿಗೂ ಲಿನಕ್ಸ್ ಹೆಚ್ಚು ತೊಡಕಿಲ್ಲದೆ ಹೊಂದುತ್ತದೆ. ಕಷ್ಟ ಇರುವುದು ನಡುವಿನವರಿಗೆ: ವಿಂಡೋಸ್‌ನ ಒಳಹೊರಗು ಬಲ್ಲ, ಹತ್ತಾರು ಉಪಕರಣ ತಂತ್ರಾಂಶಗಳನ್ನು ಕೈಗೆ ರೂಢಿಸಿಕೊಂಡವರಿಗೆ. ಅವರು ಕಲಿತದ್ದರಲ್ಲಿ ಬಹುಪಾಲು ಇಲ್ಲಿ ಉಪಯೋಗಕ್ಕೆ ಬಾರದು.

ಲೆಕ್ಕಪತ್ರದವರ ಸ್ಥಿತಿ ಇನ್ನೂ ಬಿಗಿ. ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸ್‌ಗಾಗಿ ಬರೆದ ಲೆಕ್ಕಪತ್ರ ತಂತ್ರಾಂಶ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳೂ ಲಿನಕ್ಸ್‌ನಲ್ಲಿ ಎಲ್ಲ ಸಲವೂ ಸಲೀಸಾಗಿ ನಡೆಯುವುದಿಲ್ಲ. ವೈನ್ ಎಂಬ ಹೊಂದಾಣಿಕೆ ಪದರದಲ್ಲಿ ಕೆಲವು ವಿಂಡೋಸ್ ತಂತ್ರಾಂಶಗಳು ಓಡುತ್ತವೆ, ಆದರೆ ತೆರಿಗೆ ಸಲ್ಲಿಕೆಯ ಕೊನೆಯ ದಿನ ಅದನ್ನು ನೆಚ್ಚಿಕೊಂಡು ಕೂರುವುದು ವಿವೇಕವಲ್ಲ. ಆಟವಾಡುವವರಿಗೆ ಮಾತ್ರ ಇದೇ ವೈನ್ ವರವಾಯಿತು. ವಾಲ್ವ್ ಕಂಪನಿ 2018ರಲ್ಲಿ ಅದನ್ನು ಆಧರಿಸಿ ಪ್ರೋಟಾನ್ ತಂದ ಮೇಲೆ ಬಹಳಷ್ಟು ಆಟಗಳು ತೆರೆದುಕೊಂಡವು. ಮೋಸ ತಡೆಯುವ ತಂತ್ರಾಂಶ ಕಡ್ಡಾಯವಾಗಿರುವ ಕೆಲವು ಆನ್‌ಲೈನ್ ಆಟಗಳು ಇನ್ನೂ ಹೊರಗೇ ಇವೆ.

ಕನ್ನಡ ಬರೆಯುವವರು

ಕನ್ನಡಿಗರ ಮಟ್ಟಿಗೆ ನಿರ್ಣಾಯಕ ಪ್ರಶ್ನೆ ಲಿಪಿಯದು. ಯೂನಿಕೋಡ್‌ನಲ್ಲಿ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಕೂಡಿಡುತ್ತಾರೆ. ತೆರೆಯ ಮೇಲಿನ ಕ್ರಮ ಬೇರೆ. ‘ಅರ್ಕ’ ಎಂಬಲ್ಲಿ ಕಡತದೊಳಗೆ ರಕಾರ ಮೊದಲು, ವಿರಾಮ ಆಮೇಲೆ, ಕಕಾರ ಕೊನೆಗೆ. ಕಣ್ಣಿಗೆ ಕಾಣುವಾಗ ರಕಾರವು ಅರ್ಕಾವೊತ್ತಾಗಿ ಕಕಾರದ ಬಲಕ್ಕೆ ಹೋಗಿರುತ್ತದೆ. ‘ರ‍್ಯಾಂಕ್’ ಪದದಲ್ಲಿ ಹೀಗಾಗದೆ ರಕಾರ ಪೂರ್ತಿಯಾಗಿ ಉಳಿಯಬೇಕು. ಅದಕ್ಕಾಗಿ ರಕಾರ ಮತ್ತು ವಿರಾಮದ ನಡುವೆ ಕಾಣದ ಜೋಡಕವೊಂದನ್ನು ಇಡಬೇಕಾಗುತ್ತದೆ. ಈ ಮರುಜೋಡಣೆ ಮಾಡುವ ತಂತ್ರಾಂಶಗಳು ಲಿನಕ್ಸ್‌ನಲ್ಲಿ ಒಂದು ಕಾಲಕ್ಕೆ ಬೇರೆಬೇರೆಯಾಗಿದ್ದವು. ಹಾಗಾಗಿ ಒಂದು ಕಿಟಕಿಯಲ್ಲಿ ಸರಿಯಿದ್ದ ಒತ್ತಕ್ಷರ ಪಕ್ಕದ ಕಿಟಕಿಯಲ್ಲಿ ಒಡೆದು ಕಾಣುವುದಿತ್ತು. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್ನಿಗೆ ಬಂದ ಬಳಿಕ ಈ ದೂರು ಬಹುಮಟ್ಟಿಗೆ ನಿಂತಿದೆ. ಲೋಹಿತ್, ಗುಬ್ಬಿ, ನೋಟೊ ಫಾಂಟುಗಳು ಉಚಿತವಾಗಿ ಸಿಗುತ್ತವೆ.

ಕೀಲಿಮಣೆಯಲ್ಲೂ ಕೊರತೆಯಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಕಗಪ ಎಂದು ಪ್ರಚಲಿತವಾದ ಕ್ರಮವು ಲಿನಕ್ಸ್‌ನ ಕೀಲಿಮಣೆ ಸಂಗ್ರಹದಲ್ಲೇ ಸೇರಿದೆ. ಇನ್‌ಸ್ಕ್ರಿಪ್ಟ್ ಸಹ ಇದೆ. ಅದೇ ಸಂಗ್ರಹದಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ಕಗಪ ಮಾದರಿ ಇರುವುದನ್ನು ಇಲ್ಲಿ ಹೇಳಲೇಬೇಕು. ಕನ್ನಡಕ್ಕೆಂದು ರೂಪುಗೊಂಡ ಕ್ರಮವೊಂದು ನೆರೆಯ ಭಾಷೆಗಳಿಗೆ ಹೋದ ಇಂಥ ಉದಾಹರಣೆಗಳು ವಿರಳ.

ತೊಡಕು ಇರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಪೂರ್ವದ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ತುಣುಕುಗಳನ್ನು ಹೊಂದಿಸಲಾಗಿದೆ. ಅದೇ ಫಾಂಟನ್ನು ಲಿನಕ್ಸ್‌ಗೆ ಹಾಕಿಕೊಂಡರೆ ಓದಬಹುದು, ಆದರೆ ಕನ್ನಡ ಪದವನ್ನು ಹುಡುಕಲಾಗದು. ಬರೆಯಲು ಬೇಕಾದ ಮೂಲ ತಂತ್ರಾಂಶ ವಿಂಡೋಸ್‌ನದು. ಪರಿವರ್ತಕಗಳಿವೆ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುವುದರಿಂದ ಅದನ್ನು ಹಿಂದಕ್ಕೆ ಸರಿಸುವಾಗ ಅವು ತಪ್ಪುವುದುಂಟು, ಕರಡು ತಿದ್ದುವುದು ಅನಿವಾರ್ಯ. ಡಿಟಿಪಿ ಅಂಗಡಿ, ಮುದ್ರಣಾಲಯ, ಪ್ರಕಾಶಕರ ಬಳಿ ಇಂಥ ಕಡತಗಳ ರಾಶಿಯೇ ಇದೆ. ಪೇಜ್‌ಮೇಕರ್ ಪುಟಗಳಿಗೆ ಲಿನಕ್ಸ್‌ನಲ್ಲಿ ಸಿಗುವ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್ ನೇರ ಬದಲಿಯಾಗದು. ಕೋರೆಲ್‌ಡ್ರಾ 2000ದ ಹೊತ್ತಿಗೆ ಲಿನಕ್ಸ್‌ಗೂ ಬಂದಿತ್ತು. ಕಂಪನಿ ಅದನ್ನು ಮುಂದುವರಿಸಲಿಲ್ಲ.

ಶಾಲೆ ಮತ್ತು ಹಳೆಯ ಯಂತ್ರಗಳು

ಕೇರಳದ ಸರ್ಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶದಲ್ಲೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ಸಿ-ಡ್ಯಾಕ್ ಸಂಸ್ಥೆ ಭಾರತೀಯ ಭಾಷೆಗಳಿಗೆಂದು ಬಾಸ್ ಲಿನಕ್ಸ್ ರೂಪಿಸಿದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುವುದರಿಂದ ಸುಸ್ಥಿತಿಯಲ್ಲಿರುವ ಅನೇಕ ಯಂತ್ರಗಳು ಅದಕ್ಕೆ ಅನರ್ಹ. ಅಂಥವುಗಳಿಗೆ ಲಿನಕ್ಸ್ ಮಿಂಟ್‌ನಂಥ ವಿತರಣೆ ಯೋಗ್ಯ ಆಯ್ಕೆ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ಪ್ರಿಂಟರ್, ವೈ-ಫೈ, ಸ್ಕ್ಯಾನರ್‌ಗಳನ್ನು ಪರೀಕ್ಷಿಸಿದ ನಂತರವೇ ಹಾರ್ಡ್ ಡಿಸ್ಕ್‌ಗೆ ಹಾಕುವುದು ಒಳ್ಳೆಯದು.